ಸ್ಟೇಜರ್, ಡೆಕೊರೇಟರ್, ಇಂಟೀರಿಯರ್ ಡಿಸೈನರ್: ಯಾವ ಕೆಲಸಕ್ಕೆ ಯಾರನ್ನು ಕರೆಯಬೇಕು?

ಮನೆಯ ಒಳಭಾಗವನ್ನು ಬದಲಾಯಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಇಂಟೀರಿಯರ್ ಡಿಸೈನರನ್ನು. ಅವರಲ್ಲಿ ಅನೇಕರಿಗೆ ನಿಜಕ್ಕೂ ಬೇಕಾಗಿರುವುದು ಬಣ್ಣ, ಪರದೆ, ಪೀಠೋಪಕರಣಗಳನ್ನು ಹೊಂದಿಸಿಕೊಡುವ ಡೆಕೊರೇಟರ್. ಮನೆಯನ್ನು ಮಾರಲೆಂದೇ ಸಿದ್ಧಪಡಿಸುತ್ತಿರುವವರಿಗೆ ಈ ಇಬ್ಬರೂ ಬೇಡ, ಹೋಮ್ ಸ್ಟೇಜಿಂಗ್, ಅಂದರೆ ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಮನೆಯನ್ನು ಸಜ್ಜುಗೊಳಿಸುವ ಕೆಲಸ, ಬಲ್ಲ ಸ್ಟೇಜರ್ ಬೇಕು. ಇಷ್ಟರ ಮಟ್ಟಿಗಿನ ತಪ್ಪು ಆಯ್ಕೆಯಿಂದ ಆಗುವ ನಷ್ಟ ಹೆಚ್ಚೆಂದರೆ ಹಣದ್ದು. ಆದರೆ ಗೋಡೆ ತೆಗೆದು ಅಡುಗೆಮನೆಯನ್ನು ಹಾಲಿಗೆ ಸೇರಿಸುವ ಕೆಲಸವನ್ನು ಬಣ್ಣ, ಬಟ್ಟೆಗಳಲ್ಲಿ ಮಾತ್ರ ಪಳಗಿದವರ ಕೈಗೆ ಕೊಟ್ಟರೆ ನಷ್ಟ ಹಣಕ್ಕೇ ನಿಲ್ಲುವುದಿಲ್ಲ. ಮೂರೂ ವೃತ್ತಿಯವರ ಕೆಲಸ ಮುಗಿದ ಮೇಲೆ ಫೋಟೊದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ಫೋಟೊ ನೋಡಿ ಆಯ್ಕೆ ಮಾಡುವವರು ಸುಲಭವಾಗಿ ಎಡವುತ್ತಾರೆ.

ಯಾರನ್ನು ಕರೆಯಬೇಕೆಂದು ತೀರ್ಮಾನಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಸಿದ್ಧವಾದ ಕೋಣೆ ಯಾರಿಗೆ ಒಪ್ಪಿಗೆಯಾಗಬೇಕು ಎಂಬುದು ಮೊದಲನೆಯದು. ಕೆಲಸದಲ್ಲಿ ಗೋಡೆ, ಬಾಗಿಲು, ನೀರಿನ ಪೈಪು, ವಿದ್ಯುತ್ ತಂತಿ ಇವುಗಳಲ್ಲಿ ಯಾವುದರದಾದರೂ ಜಾಗ ಬದಲಾಗಬೇಕೇ ಎಂಬುದು ಎರಡನೆಯದು. ಒಪ್ಪಿಗೆ ಕೊಡಬೇಕಾದವರು ಇನ್ನೂ ಯಾರೆಂದೇ ತಿಳಿಯದ ಕೊಳ್ಳುಗರಾದರೆ ಅದು ಸ್ಟೇಜಿಂಗ್ ಕೆಲಸ. ಅಲ್ಲಿ ವಾಸಿಸುವ ನೀವೇ ಆಗಿದ್ದು, ಕಟ್ಟಡದ ಯಾವ ಭಾಗವನ್ನೂ ಕದಲಿಸಬೇಕಿಲ್ಲವಾದರೆ ಅದು ಅಲಂಕಾರ. ಎರಡನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದ ತಕ್ಷಣ ಅದು ವಿನ್ಯಾಸದ ಕೆಲಸವಾಗುತ್ತದೆ. ಬದಲಾವಣೆ ಎಷ್ಟು ಚಿಕ್ಕದು ಎಂಬುದು ಅಲ್ಲಿ ಮುಖ್ಯವಲ್ಲ.

ಒಂದೇ ಹಾಲ್, ಮೂವರ ಮೊದಲ ಅರ್ಧ ಗಂಟೆ

ಉದ್ದನೆಯ, ಒಂದು ಬದಿಗೆ ಮಾತ್ರ ಕಿಟಕಿಯಿರುವ, ಒಳತುದಿಯಲ್ಲಿ ಕತ್ತಲು ಕವಿದಿರುವ ಒಂದು ಹಾಲನ್ನು ಊಹಿಸಿಕೊಳ್ಳೋಣ. ಅಲ್ಲಿ ದೊಡ್ಡ ಸೋಫಾ, ಅದರೆದುರು ಟಿವಿ, ಗೋಡೆಯ ತುಂಬ ಕುಟುಂಬದ ಫೋಟೊಗಳು, ಮೂಲೆಯಲ್ಲಿ ಯಾರೂ ಕೂರದ ಒಂದು ಕುರ್ಚಿ ಇವೆ.

ಸ್ಟೇಜರ್ ಬಂದರೆ ಒಳಗೆ ಹೆಜ್ಜೆಯಿಡುವ ಮೊದಲೇ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯುತ್ತಾರೆ. ಕೊಳ್ಳುವವರ ಕಣ್ಣಿಗೆ ಮನೆ ಮೊದಲು ಬೀಳುವುದು ಜಾಹೀರಾತಿನ ಫೋಟೊದಲ್ಲಿ, ಆಮೇಲೆ ಆ ಬಾಗಿಲಲ್ಲಿ. ಆದ್ದರಿಂದ ಅವರಿಗೆ ಬೇಕಾದ ನೋಟಗಳು ಆ ಎರಡೇ. ಕುಟುಂಬದ ಫೋಟೊಗಳು ಇಳಿಯುತ್ತವೆ, ಕುರ್ಚಿ ಹೊರಗೆ ಹೋಗುತ್ತದೆ, ಸೋಫಾ ದಾರಿಗೆ ಬೆನ್ನು ಹಾಕಿದ್ದರೆ ಅದನ್ನು ತಿರುಗಿಸಲಾಗುತ್ತದೆ, ಕತ್ತಲ ತುದಿಯಲ್ಲಿ ಒಂದು ನಿಲುದೀಪ ಬರುತ್ತದೆ. ನಿಮಗೆ ಟಿವಿ ಎಲ್ಲಿರಬೇಕು ಎಂದು ಅವರು ಕೇಳುವುದೇ ಇಲ್ಲ. ಹೊರಟುಹೋಗಲಿರುವವರ ಅನುಕೂಲ ಅವರ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅಗೌರವವೆಂದು ತಿಳಿಯಬೇಕಾಗಿಲ್ಲ, ಆ ಕೆಲಸದ ಸ್ವರೂಪವೇ ಅದು.

ಡೆಕೊರೇಟರ್ ಬಂದರೆ ಅದೇ ಸೋಫಾದ ಮೇಲೆ ಕುಳಿತು ಮಾತಿಗೆ ತೊಡಗುತ್ತಾರೆ. ಆ ಮೂಲೆಯ ಕುರ್ಚಿ ಯಾಕಿದೆ, ಅದನ್ನು ಉಳಿಸಿಕೊಳ್ಳಬೇಕೇ, ನಿಮಗೆ ಯಾವ ಬಣ್ಣ ಕಂಡರಾಗದು ಎಂದು ವಿಚಾರಿಸುತ್ತಾರೆ. ಬಣ್ಣದ ಕಾರ್ಡನ್ನು ಕಿಟಕಿಯ ಬಳಿಯೂ ಕತ್ತಲ ತುದಿಯಲ್ಲಿಯೂ ಹಿಡಿದು ನೋಡುತ್ತಾರೆ, ಏಕೆಂದರೆ ಒಂದೇ ಬಣ್ಣ ಎರಡು ಕಡೆ ಎರಡು ಬಗೆಯಾಗಿ ಕಾಣುತ್ತದೆ. ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ 10ರಿಂದ 15 ಸೆಂಟಿಮೀಟರ್ ಮೇಲಕ್ಕೂ ಎರಡು ಬದಿಗೆ ಸ್ವಲ್ಪ ಹೊರಕ್ಕೂ ಚಾಚಿ ಹಾಕಿಸಿದರೆ ಪರದೆ ಸರಿಸಿದಾಗ ಗಾಜು ಪೂರ್ತಿ ತೆರೆದುಕೊಂಡು ಬೆಳಕು ಹೆಚ್ಚು ಒಳಬರುತ್ತದೆ ಎಂಬಂಥ ಚಿಕ್ಕ ತಿಳಿವಳಿಕೆಗಳು ಅವರ ಬಂಡವಾಳ. ಕುಟುಂಬದ ಫೋಟೊಗಳನ್ನು ಅವರು ಇಳಿಸುವುದಿಲ್ಲ. ಒಂದೇ ಗೋಡೆಗೆ ಒಟ್ಟುಗೂಡಿಸಿ, ಗುಂಪಿನ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಜೋಡಿಸುತ್ತಾರೆ.

ಇಂಟೀರಿಯರ್ ಡಿಸೈನರ್ ಬಂದರೆ ಮೊದಲು ಹೊರಬರುವುದು ಅಳತೆ ಟೇಪು. ಗೋಡೆಯ ದಪ್ಪ, ತೊಲೆಯ ಕೆಳಗಿನ ಎತ್ತರ, ಬಾಗಿಲು ತೆರೆಯುವ ದಿಕ್ಕು, ಸ್ವಿಚ್‌ಬೋರ್ಡಿನ ಜಾಗ ಎಲ್ಲವೂ ಕಾಗದಕ್ಕೆ ಇಳಿಯುತ್ತವೆ. ರಾತ್ರಿ ಎದ್ದು ಓಡಾಡುವವರು ಯಾರು, ಗಾಲಿಕುರ್ಚಿ ಬಳಸುವವರು ಇದ್ದಾರೆಯೇ ಅಥವಾ ಮುಂದೆ ಬೇಕಾಗಬಹುದೇ, ಎಡಗೈ ಬಳಸುವವರು ಇದ್ದಾರೆಯೇ ಎಂದು ಕೇಳುತ್ತಾರೆ. ಕತ್ತಲ ತುದಿಗೆ ದೀಪ ಇಡುವುದರಿಂದ ತೃಪ್ತರಾಗದೆ, ಪಕ್ಕದ ಕೋಣೆಯೊಡನೆ ಹಂಚಿಕೊಂಡ ಗೋಡೆಯಲ್ಲಿ ಬೆಳಕು ಹಾಯುವ ಕಿಂಡಿಯನ್ನು ತೆರೆಯಲು ಸಾಧ್ಯವೇ, ಆ ಗೋಡೆ ಭಾರ ಹೊರುತ್ತಿದೆಯೇ ಎಂಬ ವಿಚಾರಕ್ಕೆ ಹೋಗುತ್ತಾರೆ. ಭಾರ ಹೊರುವ ಗೋಡೆಯಾದರೆ ಅಲ್ಲಿಗೆ ಅವರ ಅಧಿಕಾರವೂ ಮುಗಿಯುತ್ತದೆ, ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು. ಇದನ್ನು ತಾವಾಗಿಯೇ ಹೇಳುವವರು ನಂಬಲರ್ಹರು ಎಂಬುದು ನನ್ನ ಅಭಿಪ್ರಾಯ.

ಡಿಸೈನರ್ ಕೆಲಸದ ಆಳ

ಮೂರು ವೃತ್ತಿಗಳಲ್ಲಿ ಹೆಚ್ಚು ಓದು ಬೇಡುವುದು ಇದು. ಸೌಂದರ್ಯಪ್ರಜ್ಞೆಯ ಜೊತೆಗೆ ಕಟ್ಟಡದ ನಿಯಮಗಳು, ಬೆಂಕಿ ಬಿದ್ದಾಗ ಹೊರಬೀಳುವ ದಾರಿ, ಸಾಮಗ್ರಿಗಳು ಉರಿಯುವ ಬಗೆ, ಗಾಳಿಯ ಓಡಾಟ, ಸದ್ದು ಹೀರುವ ಗುಣ, ಬೆಳಕಿನ ಲೆಕ್ಕ ಇವೆಲ್ಲ ತಿಳಿದಿರಬೇಕು. ಗಾಲಿಕುರ್ಚಿ ನಿಂತಲ್ಲೇ ಪೂರ್ತಿ ತಿರುಗಲು ಸುಮಾರು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕು; ಓಡಾಡುವ ದಾರಿ 90 ಸೆಂಟಿಮೀಟರಿಗಿಂತ ಕಡಿಮೆಯಾದರೆ ಇಕ್ಕಟ್ಟೆನಿಸುತ್ತದೆ. ಅಡುಗೆಮನೆಯಲ್ಲಿ ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ನಡಿಗೆಯನ್ನು ತ್ರಿಕೋನವೆಂದು ಭಾವಿಸಿ, ಅದರ ಒಂದೊಂದು ಬದಿಯೂ 1.2 ಮೀಟರಿನಿಂದ 2.7 ಮೀಟರ್ ಒಳಗಿರಬೇಕೆಂಬ ಲೆಕ್ಕ ಕಳೆದ ಶತಮಾನದ ನಡುವಿನಿಂದ ಬಳಕೆಯಲ್ಲಿದೆ. ಇಬ್ಬರು ಒಟ್ಟಿಗೆ ಅಡುಗೆ ಮಾಡುವ ಮನೆಗಳಿಗೆ ಈ ತ್ರಿಕೋನ ಅಷ್ಟಾಗಿ ಹೊಂದುವುದಿಲ್ಲವೆಂದು ಇಂದಿನ ಅನೇಕ ಡಿಸೈನರ್‌ಗಳು ಅದನ್ನು ಬಿಟ್ಟು, ತೊಳೆಯುವ ಜಾಗ, ಹೆಚ್ಚುವ ಜಾಗ, ಬೇಯಿಸುವ ಜಾಗ ಎಂದು ವಿಂಗಡಿಸಿ ಯೋಚಿಸುತ್ತಾರೆ. ಆದರೂ ನಿಮ್ಮ ಅಡುಗೆಮನೆಯ ನಕ್ಷೆ ಕೈಗೆ ಬಂದಾಗ ಒಮ್ಮೆ ಸ್ಕೇಲು ಹಿಡಿದು ಅಳೆದು ನೋಡಿದರೆ ನಷ್ಟವಿಲ್ಲ.

ಈ ವೃತ್ತಿ ಅಲಂಕಾರದಿಂದ ಬೇರೆಯಾಗಿ ನಿಂತದ್ದು ಇಪ್ಪತ್ತನೆಯ ಶತಮಾನದಲ್ಲಿ. ನಟಿಯಾಗಿದ್ದ ಎಲ್ಸಿ ಡಿ ವೂಲ್ಫ್, ನ್ಯೂಯಾರ್ಕಿನಲ್ಲಿ 1907ರಲ್ಲಿ ಬಾಗಿಲು ತೆರೆದ ಕಾಲೊನಿ ಕ್ಲಬ್ ಎಂಬ ಮಹಿಳೆಯರ ಕ್ಲಬ್ಬಿನ ಒಳಾಂಗಣವನ್ನು ಸಿದ್ಧಪಡಿಸಿ, ಆ ಕಾಲದ ದಪ್ಪ ಪರದೆ, ಕಪ್ಪು ಮರಗಳ ಬದಲು ತಿಳಿ ಬಣ್ಣ, ಹೂವಿನ ಹತ್ತಿ ಬಟ್ಟೆಗಳನ್ನು ತಂದು ಹೆಸರಾದರು. ಡೆಕೊರೇಟರ್ ಎಂಬ ಸ್ವತಂತ್ರ ವೃತ್ತಿಯ ಮೊದಲಿಗರಲ್ಲಿ ಅವರನ್ನು ಎಣಿಸುತ್ತಾರೆ. ಕೆಲವು ದಶಕಗಳ ಬಳಿಕ, ವಾಸ್ತುಶಿಲ್ಪ ಕಲಿತಿದ್ದ ಫ್ಲಾರೆನ್ಸ್ ನೋಲ್ ಕಚೇರಿಗಳ ಒಳಾಂಗಣಕ್ಕೆ ಕೈಹಾಕಿದಾಗ ಕೆಲಸದ ಕ್ರಮವೇ ಬದಲಾಯಿತು. ಅಲ್ಲಿ ದುಡಿಯುವವರಿಗೆ ಏನು ಬೇಕು, ಯಾರು ಯಾರೊಡನೆ ಕೆಲಸ ಮಾಡುತ್ತಾರೆ ಎಂಬುದನ್ನು ಮೊದಲು ತಿಳಿದು, ನಂತರ ಜಾಗದ ಹಂಚಿಕೆ ಮಾಡಿ, ನಕ್ಷೆಯ ಮೇಲೆ ನಿಜವಾದ ಬಟ್ಟೆಯ ತುಣುಕುಗಳನ್ನು ಅಂಟಿಸಿ ಗ್ರಾಹಕರಿಗೆ ತೋರಿಸುವುದು ಅವರ ಪದ್ಧತಿಯಾಗಿತ್ತು. ಇಂದು ಡಿಸೈನರ್‌ಗಳು ತೋರಿಸುವ ಸಾಮಗ್ರಿಯ ಫಲಕಗಳಲ್ಲಿ ಆ ಪದ್ಧತಿಯ ಗುರುತನ್ನು ಈಗಲೂ ಕಾಣಬಹುದು.

ಅರ್ಹತೆಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕ ಮತ್ತು ಕೆನಡಾದಲ್ಲಿ ಓದು ಹಾಗೂ ಕೆಲಸದ ಅನುಭವ ಎರಡೂ ಇದ್ದವರು ಬರೆಯುವ ಎನ್‌ಸಿಐಡಿಕ್ಯೂ ಎಂಬ ಪರೀಕ್ಷೆ ಇದೆ, ಕೆಲವು ರಾಜ್ಯಗಳಲ್ಲಿ ನೋಂದಣಿಗೆ ಅದನ್ನೇ ಆಧಾರವಾಗಿ ಹಿಡಿಯುತ್ತಾರೆ. ನಿಮ್ಮಲ್ಲಿ ಅಂಥ ಕಟ್ಟುಪಾಡು ಇಲ್ಲದಿದ್ದರೆ, ವಿಸಿಟಿಂಗ್ ಕಾರ್ಡಿನಲ್ಲಿ ಯಾರು ಏನು ಬೇಕಾದರೂ ಮುದ್ರಿಸಿಕೊಳ್ಳಬಹುದು ಎಂಬುದನ್ನು ಮರೆಯಬೇಡಿ. ಕಾರ್ಡಿಗಿಂತ ಅವರು ಹಿಂದೆ ಬರೆದ ನಕ್ಷೆಗಳು ಹೆಚ್ಚು ಮಾತಾಡುತ್ತವೆ. ಅಳತೆ ಗುರುತಿಸಿದ ನೆಲನಕ್ಷೆ, ವಿದ್ಯುತ್ ಬಿಂದುಗಳ ನಕ್ಷೆ, ಬಡಗಿ ಓದಬಲ್ಲಂಥ ಕಪಾಟಿನ ಸೀಳುನೋಟ (ಕತ್ತರಿಸಿದಂತೆ ಒಳಭಾಗ ತೋರಿಸುವ ಚಿತ್ರ) ಇವನ್ನು ತೋರಿಸಲಾಗದೆ ಕಂಪ್ಯೂಟರಿನಲ್ಲಿ ಬರೆಸಿದ ಮೂರು ಆಯಾಮದ ಬಣ್ಣದ ಚಿತ್ರಗಳನ್ನೇ ಮುಂದಿಟ್ಟರೆ ಅನುಮಾನಿಸಿ.

ಡೆಕೊರೇಟರ್

ಕಟ್ಟಡ ಸರಿಯಿದೆ, ಕೋಣೆಗಳ ಹಂಚಿಕೆ ಒಪ್ಪಿಗೆಯಿದೆ, ಆದರೂ ಮನೆ ಮನಸ್ಸಿಗೆ ಹತ್ತುತ್ತಿಲ್ಲ ಎನ್ನುವವರು ಡಿಸೈನರ್ ಶುಲ್ಕ ಕೊಡುವ ಅಗತ್ಯವಿಲ್ಲ. ಬಣ್ಣ, ಬಟ್ಟೆ, ಪೀಠೋಪಕರಣ, ನೆಲಹಾಸು, ದೀಪದ ಬುರುಡೆಯ ಛಾಯೆ ಇವು ಡೆಕೊರೇಟರ್ ಕೈಯಲ್ಲಿವೆ. ಈ ವೃತ್ತಿಗೆ ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ಇಲ್ಲಿ ನಡೆಯುವುದು ಕಣ್ಣು ಮತ್ತು ಅನುಭವ.

ಒಳ್ಳೆಯ ಡೆಕೊರೇಟರನ್ನು ಗುರುತಿಸಲು ಅವರ ಹಳೆಯ ಕೆಲಸಗಳಲ್ಲಿ ನಾಲ್ಕೈದನ್ನು ಒಟ್ಟಿಗೆ ನೋಡಿ. ಎಲ್ಲ ಮನೆಗಳೂ ಒಂದೇ ಬೂದು ಸೋಫಾ, ಒಂದೇ ಹಿತ್ತಾಳೆ ದೀಪದಿಂದ ತುಂಬಿದ್ದರೆ ಅವರು ತಮ್ಮ ರುಚಿಯನ್ನು ಮಾರುತ್ತಿದ್ದಾರೆ. ಮನೆಯಿಂದ ಮನೆಗೆ ವ್ಯತ್ಯಾಸ ಕಂಡರೆ ಅಲ್ಲಿ ವಾಸಿಸುವವರ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂದರ್ಥ. ಮೊದಲನೆಯ ಬಗೆಯವರ ರುಚಿ ನಿಮ್ಮದೂ ಆಗಿದ್ದರೆ ಧಾರಾಳವಾಗಿ ಒಪ್ಪಿಸಬಹುದು. ಇನ್ನೊಂದು ಪರೀಕ್ಷೆಯೂ ಇದೆ: ನಿಮ್ಮಲ್ಲಿರುವ ಹಳೆಯ ಸಾಮಾನುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬಹುದು ಎಂದು ಕೇಳಿ. ‘ಯಾವುದೂ ಬೇಡ’ ಎಂಬ ಉತ್ತರ ತಕ್ಷಣ ಬಂದರೆ, ಅವರ ಗಳಿಕೆ ಸಾಮಾನಿನ ಮಾರಾಟದಿಂದ ಬರುತ್ತದೆಯೇ ಎಂದು ವಿಚಾರಿಸುವುದು ಲೇಸು.

ಡೆಕೊರೇಟರ್ ಕೆಲಸ ಎಲ್ಲಿ ಮುಗಿಯುತ್ತದೆ ಎಂಬುದು ಸಾಮಾನ್ಯವಾಗಿ ದೀಪಗಳ ವಿಷಯದಲ್ಲಿ ಗೊತ್ತಾಗುತ್ತದೆ. ಮಲಗುವ ಕೋಣೆಗೆ 2700ರಿಂದ 3000 ಕೆಲ್ವಿನ್ ಒಳಗಿನ ಹಳದಿ ಛಾಯೆಯ ಬಲ್ಬು ಸಾಕು, ಬಟ್ಟೆಗಳ ಬಣ್ಣ ನಿಜವಾಗಿ ಕಾಣಬೇಕಾದರೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಮೇಲಿರಲಿ ಎಂದು ಹೇಳುವುದು ಅವರ ಕೆಲಸ. ಅದೇ ದೀಪಕ್ಕಾಗಿ ಹೊಸ ತಂತಿ ಎಳೆದು, ಫಾಲ್ಸ್ ಸೀಲಿಂಗ್ ಇಳಿಸಿ, ಸರ್ಕ್ಯೂಟಿನ ಹೊರೆ ಹೆಚ್ಚಿಸಬೇಕಾಗಿ ಬಂದರೆ ನಕ್ಷೆಯೂ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನೂ ಬೇಕು. ‘ಅದೆಲ್ಲ ನಮ್ಮ ಹುಡುಗರು ನೋಡಿಕೊಳ್ಳುತ್ತಾರೆ’ ಎಂಬ ಮಾತಿಗೆ ತಲೆದೂಗಬೇಡಿ.

ಸ್ಟೇಜಿಂಗ್: ಮಾರುವವರಿಗಾಗಿ ಮಾತ್ರ

ಹೋಮ್ ಸ್ಟೇಜಿಂಗ್ ಮೂರರಲ್ಲಿ ಕಿರಿಯ ವೃತ್ತಿ. ಅಮೆರಿಕದಲ್ಲಿ ಮನೆ ಮಾರಾಟದ ಏಜೆಂಟ್ ಆಗಿದ್ದ ಬಾರ್ಬ್ ಶ್ವಾರ್ಟ್ಜ್ 1972ರಲ್ಲಿ ಇದನ್ನು ಒಂದು ಕ್ರಮಬದ್ಧ ಕೆಲಸವಾಗಿ ಆರಂಭಿಸಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಅಲಂಕಾರದ ಕಡಿಮೆ ಬೆಲೆಯ ರೂಪ ಎಂಬ ತಿಳಿವಳಿಕೆ ತಪ್ಪು. ಅಲಂಕಾರ ಮನೆಗೆ ಒಬ್ಬರ ಗುರುತನ್ನು ಕೊಡುತ್ತದೆ, ಸ್ಟೇಜಿಂಗ್ ಆ ಗುರುತನ್ನು ಅಳಿಸುತ್ತದೆ. ಎರಡರ ದಿಕ್ಕೇ ವಿರುದ್ಧವಾದ್ದರಿಂದ, ಒಂದರಲ್ಲಿ ನಿಪುಣರಾದವರು ಇನ್ನೊಂದರಲ್ಲಿ ಸೋಲುವುದುಂಟು.

ಕೆಲಸದ ಹೆಚ್ಚಿನ ಪಾಲು ತೆಗೆಯುವುದು, ತೊಳೆಯುವುದು, ಸಣ್ಣ ರಿಪೇರಿ. ಕಪಾಟಿನೊಳಗಿನ ಅರ್ಧ ಸಾಮಾನು ಹೊರಹೋಗಬೇಕು, ಏಕೆಂದರೆ ನೋಡಲು ಬಂದವರು ಕಪಾಟಿನ ಬಾಗಿಲನ್ನೂ ತೆರೆದು ನೋಡುತ್ತಾರೆ. ತುಂಬಿತುಳುಕುವ ಕಪಾಟು ಈ ಮನೆಯಲ್ಲಿ ಜಾಗ ಸಾಲದು ಎಂದು ಹೇಳುತ್ತದೆ. ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಬಾಗಿಲು, ಸ್ವಿಚ್ಚಿನ ಸುತ್ತಲಿನ ಕೈಯ ಕಲೆ ಇವು ಮಾಲೀಕರ ಕಣ್ಣಿಗೆ ಬೀಳುವುದನ್ನು ಎಂದೋ ನಿಲ್ಲಿಸಿರುತ್ತವೆ, ಹೊಸಬರಿಗೆ ಮೊದಲು ಕಾಣುವುದೇ ಅವು. ಪೂರ್ತಿ ಖಾಲಿಯಿರುವ ಮನೆಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಕೋಣೆಯ ಅಳತೆ ಕಣ್ಣಿಗೆ ಸಿಗುವುದಿಲ್ಲ, ಮಂಚ ಹಿಡಿಸುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಸ್ಟೇಜರ್ ಬಾಡಿಗೆಯ ಪೀಠೋಪಕರಣಗಳನ್ನು ತಂದು ಜೋಡಿಸುತ್ತಾರೆ. ಇಡೀ ಮನೆಗೆ ಹಣ ಸಾಲದಿದ್ದರೆ ಹಾಲ್, ಮುಖ್ಯ ಮಲಗುವ ಕೋಣೆ, ಅಡುಗೆಮನೆ ಈ ಮೂರನ್ನು ಮಾತ್ರ ಸಿದ್ಧಪಡಿಸಿದರೂ ನಡೆಯುತ್ತದೆ.

ಒಪ್ಪವಾಗಿ ತೋರಿಸುವುದಕ್ಕೂ ಮರೆಮಾಚುವುದಕ್ಕೂ ನಡುವೆ ಒಂದು ಗೆರೆಯಿದೆ, ಅದನ್ನು ದಾಟುವ ಸ್ಟೇಜರ್ ನಿಮಗೆ ಬೇಡ. ಗೋಡೆಯ ತೇವದ ಕಲೆಯ ಮುಂದೆ ಬೀರು ನಿಲ್ಲಿಸುವುದು, ಬಿರುಕನ್ನು ಚಿತ್ರಪಟದಿಂದ ಮುಚ್ಚುವುದು ಸ್ಟೇಜಿಂಗ್ ಅಲ್ಲ, ಮೋಸ; ಮಾರಾಟವಾದ ಮೇಲೆ ಅದು ವ್ಯಾಜ್ಯವಾಗಿ ಹಿಂದಿರುಗಿದಾಗ ಉತ್ತರಿಸಬೇಕಾದವರು ಮಾಲೀಕರು. ಕೋಣೆ ದೊಡ್ಡದಾಗಿ ಕಾಣಲೆಂದು ಮಾಮೂಲಿಗಿಂತ ಚಿಕ್ಕ ಮಂಚ ಇಡುವ ಚಮತ್ಕಾರವೂ ನನ್ನ ದೃಷ್ಟಿಯಲ್ಲಿ ಗೆರೆಯ ಆಚೆಗೇ ಬರುತ್ತದೆ. ಖಾಲಿ ಕೋಣೆಯ ಫೋಟೊದಲ್ಲಿ ಕಂಪ್ಯೂಟರ್ ಮೂಲಕ ಸೋಫಾ, ಮೇಜುಗಳನ್ನು ಕೂರಿಸುವ ವರ್ಚುವಲ್ ಸ್ಟೇಜಿಂಗ್ ಈಗ ಬಹಳ ಅಗ್ಗವಾಗಿದೆ. ಚಿತ್ರದ ಕೆಳಗೆ ಅದನ್ನು ಸ್ಪಷ್ಟವಾಗಿ ತಿಳಿಸಿ, ಖಾಲಿ ಕೋಣೆಯ ಚಿತ್ರವನ್ನೂ ಜೊತೆಗೆ ಹಾಕಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಚಿತ್ರದಲ್ಲಿ ತುಂಬಿದ್ದ ಮನೆಗೆ ಬಂದವರು ಬರಿ ಗೋಡೆಗಳನ್ನು ಕಂಡಾಗ ಆಗುವ ನಿರಾಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಶುಲ್ಕ, ಕರಾರು

ಹಣ ಪಡೆಯುವ ರೀತಿಯೇ ಮೂವರನ್ನು ಬಹಳಷ್ಟು ಬೇರ್ಪಡಿಸುತ್ತದೆ. ಸ್ಟೇಜರ್ ಮೊದಲು ಮನೆ ನೋಡಿ ಸಲಹೆ ನೀಡಲು ಒಂದು ಶುಲ್ಕ, ನಂತರ ಜೋಡಣೆಗೆ ಒಂದು ಮೊತ್ತ, ಬಾಡಿಗೆ ಸಾಮಾನಿಗೆ ತಿಂಗಳ ಲೆಕ್ಕ ಎಂದು ಪಡೆಯುವುದು ರೂಢಿ. ಮನೆ ಬೇಗ ಮಾರಾಟವಾಗದಿದ್ದರೆ ಬಾಡಿಗೆ ಏರುತ್ತಲೇ ಹೋಗುತ್ತದೆ. ಅವಧಿ ಮುಗಿದ ಮೇಲೆ ದರ ಎಷ್ಟು, ಸಾಮಾನಿಗೆ ಹಾನಿಯಾದರೆ ಹೊಣೆ ಯಾರದು, ವಿಮೆ ಇದೆಯೇ ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಡೆಕೊರೇಟರ್ ಮತ್ತು ಡಿಸೈನರ್ ಗಂಟೆಯ ಲೆಕ್ಕದಲ್ಲಿ, ಒಟ್ಟು ಮೊತ್ತದಲ್ಲಿ, ಅಥವಾ ಒಟ್ಟು ಖರ್ಚಿನ ಶೇಕಡಾವಾರಿನಲ್ಲಿ ಶುಲ್ಕ ಪಡೆಯಬಹುದು. ಶೇಕಡಾವಾರು ಪದ್ಧತಿಯಲ್ಲಿ ನಿಮ್ಮ ಖರ್ಚು ಹೆಚ್ಚಿದಷ್ಟೂ ಅವರ ಗಳಿಕೆ ಹೆಚ್ಚುತ್ತದೆ. ಇದರರ್ಥ ಅವರು ಅಪ್ರಾಮಾಣಿಕರು ಎಂದಲ್ಲ, ಖರ್ಚಿನ ಮೇಲ್ಮಿತಿಯನ್ನು ನೀವೇ ಬರೆದಿಡಬೇಕು ಎಂದು. ಇನ್ನೊಂದು ರೂಢಿಯಲ್ಲಿ ಅವರು ಅಂಗಡಿಯಿಂದ ವೃತ್ತಿಪರರ ರಿಯಾಯಿತಿ ದರದಲ್ಲಿ ಸಾಮಾನು ಕೊಂಡು, ಅದರ ಮೇಲೆ ತಮ್ಮ ಲಾಭ ಸೇರಿಸಿ ನಿಮಗೆ ಕೊಡುತ್ತಾರೆ. ಇದೂ ನ್ಯಾಯವಾದ ವ್ಯವಹಾರವೇ, ಆದರೆ ರಿಯಾಯಿತಿ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಕೇಳಬೇಕು. ಎರಡೂ ಕಡೆಯಿಂದ, ಅಂದರೆ ನಿಮ್ಮಿಂದ ಶುಲ್ಕ, ಅಂಗಡಿಯಿಂದ ಕಮಿಷನ್, ಪಡೆಯುವವರು ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಕೆಲಸ ಒಪ್ಪಿಸಬೇಡಿ.

ಮೂವರೂ ಬೇಕಾಗುವ ಸಂದರ್ಭ ಅಪರೂಪ, ಇಬ್ಬರು ಬೇಕಾಗುವುದು ಮಾತ್ರ ಸಾಮಾನ್ಯ. ಆಗ ಕ್ರಮ ತಪ್ಪಬಾರದು. ಸೋಫಾ ಕೊಂಡ ಮೇಲೆ ಡಿಸೈನರನ್ನು ಕರೆದರೆ, ಆ ಸೋಫಾಕ್ಕೆ ಹೊಂದುವಂತೆ ಗೋಡೆಯ ಪ್ಲಗ್‌ಪಾಯಿಂಟುಗಳನ್ನು ಹುಡುಕಬೇಕಾಗುತ್ತದೆ. ಹೊಸದಾಗಿ ಅಲಂಕರಿಸಿದ ಮನೆಯನ್ನು ಒಂದೆರಡು ವರ್ಷಗಳಲ್ಲಿ ಮಾರುವ ಯೋಚನೆ ಈಗಲೇ ಇದ್ದರೆ, ಡೆಕೊರೇಟರಿಗೆ ಅದನ್ನು ತಿಳಿಸಿ; ಗೋಡೆಗೆ ಕಾಯಂ ಆಗಿ ಕೂರಿಸುವ ವಸ್ತುಗಳನ್ನು ಅವರು ಕಡಿಮೆ ಮಾಡುತ್ತಾರೆ, ಮುಂದೆ ಸ್ಟೇಜರ್ ಕಿತ್ತು ತೆಗೆಯಬೇಕಾದದ್ದೂ ಕಡಿಮೆಯಾಗುತ್ತದೆ. ಡಿಸೈನರ್ ಕೆಲಸ ಮಾಡುತ್ತಿರುವಾಗ ಗುತ್ತಿಗೆದಾರರಿಗೆ ಆದೇಶ ಕೊಡುವವರು ಒಬ್ಬರೇ ಇರಲಿ. ಮನೆಯವರು ಬಡಗಿಗೆ ಬಾಯಿಮಾತಿನಲ್ಲಿ ಹೇಳಿದ ಬದಲಾವಣೆ ನಕ್ಷೆಗೆ ಸೇರುವುದಿಲ್ಲ, ಕಪಾಟು ಕೂರಿಸುವ ದಿನ ಜಗಳಕ್ಕೆ ಅದೇ ಕಾರಣವಾಗುತ್ತದೆ.

ಈ ವೃತ್ತಿಗಳಿಗೆ ಬರಬೇಕೆಂದಿರುವವರು ಇದೇ ವ್ಯತ್ಯಾಸಗಳನ್ನು ತಮಗೆ ಅನ್ವಯಿಸಿಕೊಂಡು ನೋಡಬಹುದು. ನಿಯಮಪುಸ್ತಕ ಓದಲು, ನಕ್ಷೆ ಬರೆಯಲು, ತಿಂಗಳುಗಟ್ಟಲೆ ಒಂದೇ ಕೆಲಸದ ಬೆನ್ನು ಹತ್ತಲು ತಾಳ್ಮೆಯಿದ್ದವರಿಗೆ ವಿನ್ಯಾಸದ ಪದವಿ ತಕ್ಕುದು. ಜನರ ಮಾತಿನಿಂದ ಅವರ ರುಚಿ ಹಿಡಿಯಬಲ್ಲವರಿಗೆ ಅಲಂಕಾರದಲ್ಲಿ ಬೇಗ ದಾರಿ ಸಿಗುತ್ತದೆ. ಸ್ಟೇಜಿಂಗಿಗೆ ಬೇಕಾದದ್ದು ವೇಗ, ಸಾಮಾನು ದಾಸ್ತಾನಿಡಲು ಗೋದಾಮು, ಸಾಗಿಸಲು ವಾಹನ, ಮನೆ ಮಾರಾಟದ ಏಜೆಂಟರ ಪರಿಚಯ. ಮೂರರಲ್ಲಿ ಕೈಯಿಂದ ಬಂಡವಾಳ ಹೆಚ್ಚು ಹಾಕಬೇಕಾಗುವುದು ಇದಕ್ಕೇ ಎಂಬುದು ಹೊಸಬರಿಗೆ ತಡವಾಗಿ ಗೊತ್ತಾಗುತ್ತದೆ.

ಕೊನೆಯ ಕಂತು ಕೊಡುವ ಮೊದಲು ಏನೇನು ಕೈಸೇರಬೇಕು ಎಂಬ ಪಟ್ಟಿ ಕರಾರಿನಲ್ಲೇ ಇರಲಿ. ಸ್ಟೇಜರಿಂದ, ಬಾಡಿಗೆಗೆ ತಂದ ಸಾಮಾನುಗಳ ವಿವರ ಮತ್ತು ಅವನ್ನು ಹಿಂದೆ ಒಯ್ಯುವ ದಿನಾಂಕ. ಡೆಕೊರೇಟರಿಂದ, ಬಳಸಿದ ಬಣ್ಣಗಳ ಕೋಡ್ ಸಂಖ್ಯೆ, ಬಟ್ಟೆಗಳ ಹೆಸರು, ತೊಳೆಯುವ ಕ್ರಮ, ಉಳಿದ ಬಣ್ಣದ ಡಬ್ಬಿ. ಡಿಸೈನರಿಂದ, ಮೊದಲು ಬರೆದ ನಕ್ಷೆಯ ಬದಲು ಕೆಲಸ ನಿಜವಾಗಿ ಹೇಗೆ ನಡೆಯಿತೋ ಹಾಗೆ ತಿದ್ದಿದ ನಕ್ಷೆ, ಉಪಕರಣಗಳ ವಾರಂಟಿ ಕಾಗದ, ಮತ್ತು ಗೋಡೆಗಳಿಗೆ ಗಿಲಾವು ಮಾಡುವ ಮೊದಲು ಪೈಪು, ತಂತಿಗಳು ಹಾದುಹೋದ ಜಾಗಗಳನ್ನು ಪಕ್ಕದಲ್ಲಿ ಅಳತೆ ಟೇಪು ಹಿಡಿದು ತೆಗೆದ ಫೋಟೊಗಳು; ಮುಂದೆ ಯಾವಾಗಲಾದರೂ ಆ ಗೋಡೆಗೆ ಡ್ರಿಲ್ ಮಾಡಬೇಕಾಗಿ ಬಂದಾಗ ಮೊದಲು ತೆಗೆದು ನೋಡಬೇಕಾದದ್ದು ಅವನ್ನೇ.